ಸಂಜೆಯ ಕರೆಂಟಿಗೆ ಹೆಚ್ಚು ದರ: ಹೊತ್ತು ಬದಲಿಸಬೇಕಾದವರು ಯಾರು?

ವಿದ್ಯುತ್ತಿನ ಬಗ್ಗೆ ಈಚೆಗೆ ಬರುತ್ತಿರುವ ಸುದ್ದಿಗಳನ್ನು ಒಟ್ಟಿಗೆ ಇಟ್ಟು ಓದಿದರೆ ಹುಬ್ಬಳ್ಳಿಯ ಅಂಗಡಿಕಾರರಿಗೂ ಹಾವೇರಿಯ ರೈತರಿಗೂ ಗೊಂದಲವಾಗುವುದು ಸಹಜ. ರಾಜ್ಯದಲ್ಲಿ ವಿದ್ಯುತ್ ಸಾಕಷ್ಟಿದೆ, ಹಗಲಿನಲ್ಲಿ ಮಿಗುವುದೂ ಉಂಟು ಎಂದು ಒಂದು ಸುದ್ದಿ ಹೇಳುತ್ತದೆ. ಸಂಜೆ ಬಳಸಿದ ಯೂನಿಟ್ಟಿಗೆ ಹೆಚ್ಚು, ಬಿಸಿಲಿನ ಹೊತ್ತು ಬಳಸಿದ್ದಕ್ಕೆ ಕಡಿಮೆ ದರ ಎಂಬ ಕೇಂದ್ರದ ನಿಯಮದ ಬಗ್ಗೆ ಇನ್ನೊಂದು ಸುದ್ದಿ. ಗೃಹಜ್ಯೋತಿಯಲ್ಲಿ 200 ಯೂನಿಟ್ ಒಳಗೆ, ತನಗೆ ಗೊತ್ತುಮಾಡಿದ ಮಿತಿಯಲ್ಲಿರುವ ಮನೆಗೆ ಬಿಲ್ಲಿಲ್ಲ. ರೈತರ ಪಂಪ್‌ಸೆಟ್ಟಿಗೆ ಮಾತ್ರ ದಿನಕ್ಕೆ ಏಳೇ ತಾಸು. ಇವುಗಳ ನಡುವೆ ಸ್ಮಾರ್ಟ್ ಮೀಟರ್ ಬೆಲೆಯ ಜಗಳ ಹೈಕೋರ್ಟ್ ಮೆಟ್ಟಿಲೇರಿತು.

ವಿದ್ಯುತ್ ಸಾಕಷ್ಟಿದ್ದರೆ ಸಂಜೆಗೆ ದಂಡವೇಕೆ? ಬಿಲ್ಲೇ ಇಲ್ಲದ ಮನೆಗೆ ಹೊತ್ತಿನ ದರದಿಂದ ಏನಾಗುತ್ತದೆ? ಈ ಪ್ರಶ್ನೆಗಳಿಗೆ ಉತ್ತರ ಬೇಕಾದರೆ ವಿದ್ಯುತ್ ಎಷ್ಟು ಉತ್ಪಾದನೆಯಾಗುತ್ತದೆ ಎಂಬುದಕ್ಕಿಂತ ಅದನ್ನು ನಾವು ಯಾವ ಹೊತ್ತಿನಲ್ಲಿ ಬಳಸುತ್ತೇವೆ, ಆ ಹೊತ್ತನ್ನು ಯಾರು ನಿರ್ಧರಿಸುತ್ತಾರೆ ಎಂಬುದನ್ನು ನೋಡಬೇಕು.

ನಿಯಮದಲ್ಲಿ ಇರುವುದೇನು

ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ತಿದ್ದುಪಡಿ ತಂದಿತು. ಅದರ ಪ್ರಕಾರ ದಿನದ ಎಂಟು ತಾಸುಗಳನ್ನು ಸೌರ ಅವಧಿ ಎಂದು ಗುರುತಿಸಿ, ಆ ಹೊತ್ತಿನ ದರವನ್ನು ಸಾಮಾನ್ಯ ದರಕ್ಕಿಂತ ಕನಿಷ್ಠ ಶೇ 20ರಷ್ಟು ಇಳಿಸಬೇಕು. ಹೆಚ್ಚು ಬೇಡಿಕೆಯ ಹೊತ್ತಿನಲ್ಲಿ ವಾಣಿಜ್ಯ ಮತ್ತು ಕೈಗಾರಿಕಾ ಗ್ರಾಹಕರಿಗೆ ಸಾಮಾನ್ಯ ದರದ ಕನಿಷ್ಠ 1.20 ಪಟ್ಟು, ಉಳಿದವರಿಗೆ ಕನಿಷ್ಠ 1.10 ಪಟ್ಟು ದರ ಇರಬೇಕು. 10 ಕಿಲೋವ್ಯಾಟ್‌ಗಿಂತ ಹೆಚ್ಚಿನ ಬೇಡಿಕೆಯ ವಾಣಿಜ್ಯ, ಕೈಗಾರಿಕಾ ಗ್ರಾಹಕರಿಗೆ 2024ರ ಏಪ್ರಿಲ್ 1ರಿಂದ, ಕೃಷಿಯನ್ನು ಬಿಟ್ಟು ಉಳಿದೆಲ್ಲರಿಗೆ 2025ರ ಏಪ್ರಿಲ್ 1ರಿಂದ ಎಂದು ಗಡುವು ಹಾಕಲಾಯಿತು.

ಗಡುವು ದಾಟಿದ ಮಾತ್ರಕ್ಕೆ ಮನೆಯ ಬಿಲ್ ಬದಲಾಗುವುದಿಲ್ಲ. ದರ ನಿಗದಿ ಮಾಡುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಯಾವ ಯೂನಿಟ್ ಯಾವ ತಾಸಿನಲ್ಲಿ ಖರ್ಚಾಯಿತು ಎಂಬುದನ್ನು ಹಳೆಯ ಮೀಟರ್ ಬರೆದಿಡುವುದಿಲ್ಲ. ಅದಕ್ಕೆ ಸ್ಮಾರ್ಟ್ ಮೀಟರ್ ಬೇಕು. ದೊಡ್ಡ ಕಾರ್ಖಾನೆಗಳಿಗೆ, ಅಂದರೆ ಎಚ್‌ಟಿ ಗ್ರಾಹಕರಿಗೆ, ಹೊತ್ತಿನ ದರ ಹೊಸದೇನಲ್ಲ. ಹೊಸದಾಗಿ ಬರುತ್ತಿರುವುದು ಅದನ್ನು ಅಂಗಡಿ, ಖಾನಾವಳಿ, ಮನೆಗಳ ಬಾಗಿಲಿಗೆ ತರುವ ಪ್ರಯತ್ನ.

ಸಂಜೆ ಏಕೆ ದುಬಾರಿ

ವಿದ್ಯುತ್ತನ್ನು ಗೋದಾಮಿನಲ್ಲಿ ತುಂಬಿಡಲು ಬರುವುದಿಲ್ಲ. ಬ್ಯಾಟರಿ ಮತ್ತು ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲೆತ್ತಿಟ್ಟು ಬೇಕಾದಾಗ ವಿದ್ಯುತ್ ಮಾಡುವ) ಯೋಜನೆಗಳಲ್ಲಿ ಸಂಗ್ರಹಿಸುವ ಅಲ್ಪ ಪಾಲನ್ನು ಬಿಟ್ಟರೆ, ಒಂದು ಕ್ಷಣದಲ್ಲಿ ಎಷ್ಟು ಬಳಕೆಯಾಗುತ್ತದೆಯೋ ಅದೇ ಕ್ಷಣದಲ್ಲಿ ಅಷ್ಟು ಉತ್ಪಾದನೆಯಾಗಲೇಬೇಕು. ಎರಡರ ನಡುವಿನ ಸಮತೋಲ ತಪ್ಪಿದರೆ ಜಾಲದ ಆವರ್ತನ 50 ಹರ್ಟ್ಸ್‌ನಿಂದ ಸರಿದು, ಮಿತಿ ಮೀರಿದಾಗ ಇಡೀ ಜಾಲವೇ ಕುಸಿಯುತ್ತದೆ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಾದಾಗ ದೇಶ ಇದನ್ನು ಕಂಡಿದೆ.

ಕರ್ನಾಟಕದಲ್ಲಿ ಸೌರ ವಿದ್ಯುತ್ ಸಾಮರ್ಥ್ಯ 8 ಸಾವಿರ ಮೆಗಾವ್ಯಾಟ್ ದಾಟಿದೆ. ಪಾವಗಡದ ಒಂದು ಪಾರ್ಕಿನದೇ 2,050 ಮೆಗಾವ್ಯಾಟ್. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಇದು ಧಾರಾಳವಾಗಿ ಹರಿದುಬರುತ್ತದೆ. ಐದೂವರೆಯ ಹೊತ್ತಿಗೆ ಇಳಿಯತೊಡಗುತ್ತದೆ, ಏಳಕ್ಕೆ ಸೊನ್ನೆ. ಮನೆಗಳಲ್ಲಿ ದೀಪ, ಟಿವಿ, ಮಿಕ್ಸರ್, ಬೇಸಿಗೆಯಾದರೆ ಎಸಿ ಏಳುವುದೂ ಅದೇ ಹೊತ್ತಿಗೆ. ಆ ಎರಡು–ಮೂರು ತಾಸಿನ ಕಂದರವನ್ನು ಶರಾವತಿ, ಕಾಳಿಯ ಜಲವಿದ್ಯುತ್ತಿನಿಂದ, ಕಲ್ಲಿದ್ದಲು ಸ್ಥಾವರಗಳಿಂದ, ಸಾಲದಿದ್ದರೆ ವಿದ್ಯುತ್ ವಿನಿಮಯ ಕೇಂದ್ರದಲ್ಲಿ ಕೊಂಡು ತುಂಬಬೇಕು. ಬಿಸಿಲಿನ ಹೊತ್ತು ಯೂನಿಟ್ಟಿಗೆ ಒಂದೆರಡು ರೂಪಾಯಿಗೂ ಇಳಿಯುವ ಅಲ್ಲಿನ ದರ, ಬೇಸಿಗೆಯ ಸಂಜೆ ಗರಿಷ್ಠ ಮಿತಿಯಾದ 10 ರೂಪಾಯಿಯನ್ನು ಮುಟ್ಟುವುದುಂಟು.

ಖರ್ಚು ಅಷ್ಟಕ್ಕೇ ನಿಲ್ಲುವುದಿಲ್ಲ. ವರ್ಷದ ಕೆಲವೇ ತಾಸುಗಳ ಅತಿ ಹೆಚ್ಚಿನ ಬೇಡಿಕೆಗಾಗಿ ಸ್ಥಾವರ, ತಂತಿ, ಟ್ರಾನ್ಸ್‌ಫಾರ್ಮರ್ ಎಲ್ಲವೂ ಸಿದ್ಧವಾಗಿರಬೇಕು. ಸಿದ್ಧಾರೂಢರ ಜಾತ್ರೆಯ ಒಂದು ದಿನಕ್ಕೆ ಬೇಕಾದಷ್ಟು ಬಸ್ಸುಗಳನ್ನು ವರ್ಷವಿಡೀ ಡಿಪೋದಲ್ಲಿ ನಿಲ್ಲಿಸಿಕೊಂಡಂತೆ ಇದು. ಆ ಹೂಡಿಕೆಯ ಬಡ್ಡಿ ಬಿಲ್ಲಿನ ನಿಗದಿತ ಶುಲ್ಕದಲ್ಲಿ ಎಲ್ಲರ ಮೇಲೂ ಬೀಳುತ್ತದೆ. ರಾಜ್ಯದ ಗರಿಷ್ಠ ಬೇಡಿಕೆ 2024ರ ಬೇಸಿಗೆಯಲ್ಲಿ 17 ಸಾವಿರ ಮೆಗಾವ್ಯಾಟ್ ದಾಟಿತ್ತು. ಆದ್ದರಿಂದ ‘ವಿದ್ಯುತ್ ಸಾಕಷ್ಟಿದೆ’, ‘ಸಂಜೆ ಕೊರತೆಯಿದೆ’ ಎಂಬ ಎರಡೂ ಮಾತುಗಳು ನಿಜ.

ಗದಗದ ಗಾಳಿಯಂತ್ರ ಮತ್ತು ಊರಿನ ಕತ್ತಲು

ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತಿರುವಾಗಲೇ ಕೆಳಗಿನ ಹಳ್ಳಿಯಲ್ಲಿ ಕರೆಂಟ್ ಹೋದರೆ ಜನ ಸಿಟ್ಟಾಗುತ್ತಾರೆ. ಆದರೆ ಆ ಯಂತ್ರಗಳ ವಿದ್ಯುತ್ ಪಕ್ಕದ ಹಳ್ಳಿಗೆ ನೇರವಾಗಿ ಇಳಿಯುವುದಿಲ್ಲ; ಹೆಚ್ಚಿನ ವೋಲ್ಟೇಜಿನ ಮಾರ್ಗಗಳಿಗೆ ಸೇರಿ ರಾಜ್ಯದ, ದೇಶದ ಜಾಲಕ್ಕೆ ಹೋಗುತ್ತದೆ. ಊರಿನ ಕತ್ತಲೆಗೆ ಬಹುತೇಕ ಕಾರಣ 11 ಕೆವಿ ಮಾರ್ಗದ ದೋಷ ಅಥವಾ ಸುಟ್ಟ ಟಿ.ಸಿ., ಅಂದರೆ ಟ್ರಾನ್ಸ್‌ಫಾರ್ಮರ್. ಜೊತೆಗೆ ನಮ್ಮ ಗಾಳಿ ಭರದಿಂದ ಬೀಸುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಬೇಡಿಕೆ ಏರುವುದು ಫೆಬ್ರುವರಿಯಿಂದ ಮೇ ತನಕ. ಮುಂಗಾರಿನ ಗಾಳಿ ಬೇಸಿಗೆಯ ಸಂಜೆಯನ್ನು ಕಾಯುವುದಿಲ್ಲ.

ಏಳು ತಾಸಿನ ಬೇಡಿಕೆ ಹುಟ್ಟಿದ್ದು ಹೇಗೆ

ಬೇಡಿಕೆ ಎಂದರೆ ಜನರ ಇಷ್ಟಾನಿಷ್ಟ, ಅದನ್ನು ಪೂರೈಸುವುದಷ್ಟೇ ಕಂಪನಿಯ ಕೆಲಸ ಎಂದು ನಾವು ತಿಳಿದಿದ್ದೇವೆ. ಹೆಸ್ಕಾಂ ಲೆಕ್ಕ ನೋಡಿದರೆ ಆ ತಿಳಿವಳಿಕೆ ನಿಲ್ಲುವುದಿಲ್ಲ. ಧಾರವಾಡ, ಗದಗ, ಹಾವೇರಿ ಸೇರಿ ಏಳು ಜಿಲ್ಲೆಗಳಿಗೆ ವಿದ್ಯುತ್ ಕೊಡುವ, ಹುಬ್ಬಳ್ಳಿಯ ನವನಗರದಲ್ಲಿ ಕೇಂದ್ರ ಕಚೇರಿ ಇರುವ ಈ ಕಂಪನಿ ಮಾರುವ ವಿದ್ಯುತ್ತಿನಲ್ಲಿ ಸುಮಾರು ಅರ್ಧ ಹೋಗುವುದು ನೀರಾವರಿ ಪಂಪ್‌ಸೆಟ್ಟುಗಳಿಗೆ. ಆ ಅರ್ಧ ಯಾವ ಹೊತ್ತಿನಲ್ಲಿ ಖರ್ಚಾಗಬೇಕು ಎಂಬುದನ್ನು ರೈತರು ಎಂದೂ ನಿರ್ಧರಿಸಿಲ್ಲ. ಸಬ್‌ಸ್ಟೇಷನ್ನಿನ ಸ್ವಿಚ್ ನಿರ್ಧರಿಸಿದೆ.

10 ಎಚ್‌ಪಿವರೆಗಿನ ಪಂಪ್‌ಸೆಟ್ಟುಗಳಿಗೆ ರಾಜ್ಯದಲ್ಲಿ 2008ರಿಂದ ವಿದ್ಯುತ್ ಉಚಿತ. ದರವೇ ಇಲ್ಲವೆಂದ ಮೇಲೆ ದರದಿಂದ ಬಳಕೆ ನಿಯಂತ್ರಿಸಲು ಆಗದು. ಉಳಿದ ದಾರಿ ತಾಸುಗಳ ಮಿತಿ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಫೀಡರ್ (ವಿದ್ಯುತ್ ಹಂಚುವ ಮಾರ್ಗ) ಮತ್ತು ಹೊಲದ ಫೀಡರ್ ಬೇರೆಯಾದವು. ಊರಿಗೆ ದಿನವಿಡೀ ವಿದ್ಯುತ್, ಹೊಲಕ್ಕೆ ಏಳು ತಾಸು ತ್ರೀ ಫೇಸ್ ಎಂಬ ವ್ಯವಸ್ಥೆ ಬಂತು. ಹಗಲು ನಾಲ್ಕು ತಾಸು, ರಾತ್ರಿ ಮೂರು ತಾಸು ಎಂಬಂತಹ ಹಂಚಿಕೆಗಳು ಬಂದವು. ಹಾವು, ಕತ್ತಲು, ನಿದ್ದೆಗೇಡು ರೈತರ ಪಾಲಾದವು.

ಇದರ ಪರಿಣಾಮ ಹೊಲದಲ್ಲಿ ಕಣ್ಣಿಗೇ ಕಾಣುತ್ತದೆ. ಬದುವಿನ ಮೇಲೆ ಕಂಬಕ್ಕೆ ಬಿಗಿದ ತಗಡಿನ ಪೆಟ್ಟಿಗೆ. ಒಳಗೆ ಸ್ಟಾರ್ಟರ್, ಅದರ ಪಕ್ಕದಲ್ಲಿ ತ್ರೀ ಫೇಸ್ ಬಂದ ಕೂಡಲೇ ಗುಂಡಿಯನ್ನು ತಾನೇ ಒತ್ತುವ ಆಟೋ. ಕರೆಂಟ್ ಎಷ್ಟು ಹೊತ್ತಿಗೆ ಬರುತ್ತದೆಂಬ ಖಾತ್ರಿಯಿಲ್ಲದ ರೈತ ರಾತ್ರಿಯಿಡೀ ಕಾಯುವ ಬದಲು ಆಟೋ ಹಾಕಿ ಮಲಗುತ್ತಾನೆ. ಎಲ್ಲರೂ ಹಾಗೆಯೇ ಮಾಡಿರುತ್ತಾರೆ. 63 ಕೆವಿಎ ಟಿ.ಸಿ.ಯ ಮೇಲೆ 5 ಎಚ್‌ಪಿಯ ಹನ್ನೆರಡು ಮೋಟರುಗಳಿದ್ದರೆ ಅದು ಆಗಲೇ ತುಂಬಿದಂತೆ. ನೇರವಾಗಿ ಚಾಲೂ ಆಗುವ ಮೋಟರು ಮೊದಲ ಕ್ಷಣಗಳಲ್ಲಿ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಹನ್ನೆರಡೂ ಒಮ್ಮೆಲೇ ಎದ್ದಾಗ ವೋಲ್ಟೇಜ್ ಕುಸಿಯುತ್ತದೆ, ಕುಸಿದ ವೋಲ್ಟೇಜಿನಲ್ಲಿ ಮೋಟರುಗಳು ಇನ್ನಷ್ಟು ಕರೆಂಟ್ ಎಳೆದು ಬಿಸಿಯಾಗುತ್ತವೆ, ವೈಂಡಿಂಗ್ ಸುಡುತ್ತದೆ, ಕೆಲವೊಮ್ಮೆ ಟಿ.ಸಿ.ಯೇ ಸುಡುತ್ತದೆ. ಹೊಸ ಟಿ.ಸಿ. ಬರುವ ತನಕ ಮೆಣಸಿನಕಾಯಿ, ಗೋವಿನಜೋಳ ಒಣಗುತ್ತವೆ. ಉಚಿತವೆಂದು ಲೆಕ್ಕದಲ್ಲಿ ಬರೆದ ವಿದ್ಯುತ್ತಿಗೆ ರೈತ ವೈಂಡಿಂಗ್ ಅಂಗಡಿಯಲ್ಲಿ ಹಣ ಕೊಡುತ್ತಾನೆ.

ಬೇಡಿಕೆಯನ್ನು ದರದಿಂದಾದರೂ ಸ್ವಿಚ್ಚಿನಿಂದಾದರೂ ರೂಪಿಸಬಹುದು, ಆದರೆ ಎರಡರ ನೋವು ಒಂದೇ ಅಲ್ಲ. ದರ ಏರಿದಾಗ ಗ್ರಾಹಕನಿಗೆ ಹೌದು–ಇಲ್ಲ ಎನ್ನುವ ಅವಕಾಶ ಉಳಿಯುತ್ತದೆ. ಸ್ವಿಚ್ ಆರಿಸಿದಾಗ ಅದೂ ಇಲ್ಲ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದಾಗ ಇದು ಬಯಲಾಯಿತು. ಮಳೆಯಿಲ್ಲದೆ ಪಂಪ್‌ಸೆಟ್ಟುಗಳು ಅಕಾಲದಲ್ಲಿ ಓಡಿದವು, ಜಲಾಶಯಗಳಲ್ಲಿ ನೀರು ಕಡಿಮೆಯಿತ್ತು. ಅಕ್ಟೋಬರ್‌ನಲ್ಲಿ ಸರ್ಕಾರ ವಿದ್ಯುತ್ ಕಾಯ್ದೆಯ ಸೆಕ್ಷನ್ 11 ಬಳಸಿ ರಾಜ್ಯದ ಉತ್ಪಾದಕರು ಹೊರಗೆ ಮಾರದಂತೆ ತಡೆಯಿತು, ಪಂಜಾಬ್ ಮತ್ತು ಉತ್ತರ ಪ್ರದೇಶದಿಂದ ವಿನಿಮಯದ ಮೇಲೆ ವಿದ್ಯುತ್ ತರಿಸಿತು. ಇಷ್ಟೆಲ್ಲ ಮಾಡಿದರೂ ಹೊಲದ ಏಳು ತಾಸು ಐದಕ್ಕೆ ಇಳಿಯಿತು. ನಗರದ ಎಸಿಗೆ ಅಂತಹ ಮಿತಿ ಬರಲಿಲ್ಲ.

200ರ ಗೆರೆ

ಮನೆಗಳ ಬಳಕೆಯನ್ನು ರೂಪಿಸುತ್ತಿರುವುದು ಈಗ ಗೃಹಜ್ಯೋತಿ. 2023ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಈ ಯೋಜನೆ, 2022–23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ ಅಷ್ಟನ್ನು ಉಚಿತವಾಗಿ ಕೊಡುತ್ತದೆ. ಕಡಿಮೆ ಬಳಸುವ, 48 ಯೂನಿಟ್ ಒಳಗಿನ ಮನೆಗಳಿಗೆ ಶೇ 10ರ ಬದಲು 10 ಯೂನಿಟ್ ಎಂದು ಆಮೇಲೆ ತಿದ್ದಲಾಯಿತು. ತನ್ನ ಮಿತಿ ಮೀರಿದ ಮನೆ ಹೆಚ್ಚುವರಿಗೆ ಮಾತ್ರ ಹಣ ಕಟ್ಟುತ್ತದೆ. 200 ದಾಟಿದರೆ ಪೂರ್ತಿ ಬಿಲ್.

ಹೀಗಾಗಿ ತಿಂಗಳ ಕೊನೆಯಲ್ಲಿ ಮೀಟರ್ ನೋಡುವ ಅಭ್ಯಾಸ ಮನೆಗಳಿಗೆ ಬಂದಿದೆ. ಅದು ಒಳ್ಳೆಯದೇ. ಬಡ ಮನೆಗೆ ಇದರಿಂದ ಆಗಿರುವ ಉಪಕಾರವೂ ದೊಡ್ಡದು. ಬಿಲ್ಲಿನ ಹಣ ಮಕ್ಕಳ ಪುಸ್ತಕಕ್ಕೆ, ಔಷಧಕ್ಕೆ ಉಳಿಯುತ್ತದೆ. ಆದರೆ ಯೋಜನೆ ಗಮನಿಸುವುದು ತಿಂಗಳ ಒಟ್ಟು ಯೂನಿಟ್ಟನ್ನು. ಅದು ಮಧ್ಯಾಹ್ನದ ಯೂನಿಟ್ಟೋ ಸಂಜೆಯದೋ ಎಂಬುದಕ್ಕೆ ಅಲ್ಲಿ ಬೆಲೆಯಿಲ್ಲ. ಶೂನ್ಯ ಬಿಲ್ಲಿನ ಶೇ 20 ಕಡಿತವೂ ಶೂನ್ಯ. ಬಹುಪಾಲು ಮನೆಗಳಿಗೆ ಹೊತ್ತಿನ ದರ ತಾಗುವುದೇ ಇಲ್ಲ.

ಬಿಲ್ ಕಟ್ಟುವ ಮನೆಗಳನ್ನೇ ನೋಡೋಣ. ಯೂನಿಟ್ಟಿಗೆ 6 ರೂಪಾಯಿ ಎಂದುಕೊಂಡರೆ ಸಂಜೆಯ ದರ 6 ರೂಪಾಯಿ 60 ಪೈಸೆ, ಬಿಸಿಲಿನ ದರ 4 ರೂಪಾಯಿ 80 ಪೈಸೆ. ಎರಡು ಕಿಲೋವ್ಯಾಟ್ ಗೀಸರನ್ನು ಸಂಜೆ ಅರ್ಧ ತಾಸು ಹಾಕಿದರೆ ಒಂದು ಯೂನಿಟ್, ಅಂದರೆ 60 ಪೈಸೆ ಹೆಚ್ಚು. ತಿಂಗಳಿಗೆ 18 ರೂಪಾಯಿ. ಈ 18 ರೂಪಾಯಿಗಾಗಿ ಯಾರೂ ಸ್ನಾನದ ಹೊತ್ತು ಬದಲಿಸುವುದಿಲ್ಲ. ಬೆಸ್ಕಾಂ ವ್ಯಾಪ್ತಿಯಲ್ಲಿ ಹೊಸ ಸಂಪರ್ಕದ ಸಿಂಗಲ್ ಫೇಸ್ ಸ್ಮಾರ್ಟ್ ಮೀಟರಿಗೆ ಸುಮಾರು 5 ಸಾವಿರ ರೂಪಾಯಿ ಎಂದಾಗ ಎದ್ದ ವಿರೋಧವನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದರೆ, ಜನರ ಸಿಟ್ಟು ಅರ್ಥವಾಗುತ್ತದೆ.

ಹೊತ್ತು ಬದಲಿಸಿದ ದೇಶಗಳು

ಫ್ರಾನ್ಸ್‌ನಲ್ಲಿ 1960ರ ದಶಕದಿಂದಲೂ ರಾತ್ರಿಯ ಅಗ್ಗದ ದರವನ್ನು ಕೊಟ್ಟು ಮನೆಗಳ ನೀರಿನ ಬಾಯ್ಲರುಗಳನ್ನು ರಾತ್ರಿಗೆ ತಂದರು. ಜನ ತಾವಾಗಿ ಏನೂ ಮಾಡಬೇಕಿರಲಿಲ್ಲ. ಮೀಟರಿನ ಸಂಕೇತಕ್ಕೆ ಬಾಯ್ಲರ್ ತಾನೇ ಚಾಲೂ ಆಗುತ್ತದೆ. ಅಣುಸ್ಥಾವರಗಳು ರಾತ್ರಿಯೂ ಓಡುವ ಆ ದೇಶಕ್ಕೆ ಅದು ಹೊಂದಿಕೊಂಡಿತು. ಸೌರ ವಿದ್ಯುತ್ ಹೆಚ್ಚಿದ ಮೇಲೆ 2025ರ ನವೆಂಬರ್‌ನಿಂದ ಅಲ್ಲಿ ಅಗ್ಗದ ತಾಸುಗಳಲ್ಲಿ ಕೆಲವನ್ನು ಮಧ್ಯಾಹ್ನಕ್ಕೆ ಸರಿಸಲು ಆರಂಭಿಸಿದ್ದಾರೆ.

ಜಪಾನಿನಲ್ಲಿ 2011ರ ಫುಕುಶಿಮಾ ದುರಂತದ ನಂತರ ಟೋಕಿಯೊ ಮತ್ತು ತೊಹೊಕು ಪ್ರದೇಶದ ದೊಡ್ಡ ಗ್ರಾಹಕರಿಗೆ ಬೇಸಿಗೆಯ ಗರಿಷ್ಠ ಬಳಕೆಯನ್ನು ಶೇ 15ರಷ್ಟು ಇಳಿಸುವುದು ಕಡ್ಡಾಯವಾಯಿತು. ಕಾರು ಕಾರ್ಖಾನೆಗಳು ಶನಿವಾರ, ಭಾನುವಾರ ಕೆಲಸ ಮಾಡಿ ಗುರುವಾರ, ಶುಕ್ರವಾರ ರಜೆ ಹಾಕಿದವು. ಭಾರ ಮೊದಲು ಬಿದ್ದದ್ದು ದೊಡ್ಡವರ ಮೇಲೆ ಎಂಬುದನ್ನು ಗಮನಿಸಬೇಕು.

ನಮ್ಮಲ್ಲೂ ಇಂತಹದೊಂದು ಕೆಲಸ ಆಗಿದೆ. 2015ರಲ್ಲಿ ಶುರುವಾದ ಉಜಾಲಾ ಯೋಜನೆಯಲ್ಲಿ ದೇಶದಾದ್ಯಂತ 36 ಕೋಟಿಗೂ ಹೆಚ್ಚು ಎಲ್‌ಇಡಿ ಬಲ್ಬುಗಳು ಹಂಚಿಕೆಯಾದವು. ಕರ್ನಾಟಕದಲ್ಲಿ ಅದರ ಹೆಸರು ‘ಹೊಸ ಬೆಳಕು’. 60 ವ್ಯಾಟ್ ಗುಂಡುಬಲ್ಬಿನ ಜಾಗಕ್ಕೆ 9 ವ್ಯಾಟ್ ಬಂತು. ಉಳಿದದ್ದು ಸಂಜೆಯ ವಿದ್ಯುತ್ತೇ. 75 ವ್ಯಾಟಿನ ಹಳೆಯ ಫ್ಯಾನುಗಳ ಜಾಗಕ್ಕೆ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನುಗಳನ್ನು ಅದೇ ರೀತಿ ತರಬಹುದು. ಮನೆಗಳ ಮಟ್ಟಿಗೆ ಸಂಜೆಯ ದಂಡಕ್ಕಿಂತ ಇದು ಎಷ್ಟೋ ಉತ್ತಮ ದಾರಿ.

ಮೊದಲು ಯಾರು ಸರಿಯಬಹುದು

ಸಂಜೆಯ ಊಟವನ್ನು ಮಧ್ಯಾಹ್ನ ಬಡಿಸಲು ಖಾನಾವಳಿಗೆ ಆಗದು. ಹುಬ್ಬಳ್ಳಿಯ ದುರ್ಗದಬೈಲಿನ ಅಂಗಡಿಗಳಿಗೆ ಗಿರಾಕಿ ಬರುವುದೇ ಸೂರ್ಯ ಇಳಿದ ಮೇಲೆ. ಇಂತಹವರಿಗೆ ಹೊತ್ತಿನ ದರ ಬಳಕೆ ಬದಲಿಸುವ ಸೂಚನೆಯಾಗಿ ಕೆಲಸ ಮಾಡದು, ಶೇ 20ರ ಹೆಚ್ಚುವರಿ ಖರ್ಚಾಗಿ ಉಳಿಯುತ್ತದೆ. ಸಣ್ಣ ವ್ಯಾಪಾರಿಗಳ ಈ ತಕರಾರಿನಲ್ಲಿ ಹುರುಳಿದೆ.

ಬ್ಯಾಡಗಿಯ ಮಾತು ಬೇರೆ. ಅಲ್ಲಿ ಹತ್ತಾರು ಶೈತ್ಯಾಗಾರಗಳಿವೆ. ಮಾರುಕಟ್ಟೆಯಲ್ಲಿ ದರ ಸಿಗದ ಮೆಣಸಿನಕಾಯಿ ಬಣ್ಣ ಮಾಸದಂತೆ, ಹುಳ ಹಿಡಿಯದಂತೆ ಚೀಲಗಟ್ಟಲೆ ಅಲ್ಲಿ ಕೂರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಅವುಗಳ ಕಂಪ್ರೆಸರುಗಳಿಗೆ ಬಿಡುವಿಲ್ಲ. ಆದರೆ ದಪ್ಪ ಗೋಡೆಯ, ಸರಕು ತುಂಬಿದ ಶೈತ್ಯಾಗಾರವನ್ನು ಮಧ್ಯಾಹ್ನ ಒಂದೆರಡು ಡಿಗ್ರಿ ಹೆಚ್ಚು ತಂಪು ಮಾಡಿಟ್ಟು, ಸಂಜೆ ಬಾಗಿಲು ತೆರೆಯದೆ ಎರಡು–ಮೂರು ತಾಸು ಕಂಪ್ರೆಸರ್ ನಿಲ್ಲಿಸಿದರೆ ಒಳಗಿನ ಉಷ್ಣಾಂಶ ಅಲ್ಪವೇ ಏರುತ್ತದೆ. ಮಾಲಿಗೆ ಹಾನಿಯಿಲ್ಲ. ಇಲ್ಲಿ ಹೊತ್ತಿನ ದರ ನಿಜಕ್ಕೂ ಕೆಲಸ ಮಾಡುತ್ತದೆ.

ಕುಡಿಯುವ ನೀರಿನ ಸರಬರಾಜೂ ಹೀಗೆಯೇ. ಹುಬ್ಬಳ್ಳಿ–ಧಾರವಾಡಕ್ಕೆ ಮಲಪ್ರಭೆಯ ನೀರನ್ನು ಸವದತ್ತಿಯ ಬಳಿಯಿಂದ ಎತ್ತಿ, ಅಮ್ಮಿನಬಾವಿಯಲ್ಲಿ ಶುದ್ಧೀಕರಿಸಿ ಊರಿನ ಟ್ಯಾಂಕುಗಳಿಗೆ ಏರಿಸುತ್ತಾರೆ. ದಿನವಿಡೀ ಓಡಲೆಂದೇ ಅಳವಡಿಸಿದ ಪಂಪುಗಳನ್ನು ಬಿಸಿಲಿನ ಎಂಟು ತಾಸಿಗೆ ಇಳಿಸಲು ಸಾಧ್ಯವಿಲ್ಲ. ಸಂಜೆಯ ಮೂರ್ನಾಲ್ಕು ತಾಸು ನಿಲ್ಲಿಸಬೇಕೆಂದರೂ ಹೆಚ್ಚು ಟ್ಯಾಂಕ್, ಸ್ವಲ್ಪ ಹೆಚ್ಚಿನ ಪಂಪಿನ ಶಕ್ತಿ ಬೇಕು. ಅದಕ್ಕೆ ಹಣ ತಗಲುತ್ತದೆ. ಆದರೆ ನೀರನ್ನು ತುಂಬಿಡುವುದು ವಿದ್ಯುತ್ತನ್ನು ತುಂಬಿಡುವುದಕ್ಕಿಂತ ಸುಲಭ, ಮತ್ತು ಟ್ಯಾಂಕ್ ಬ್ಯಾಟರಿಗಿಂತ ಹೆಚ್ಚು ವರ್ಷ ಬಾಳುತ್ತದೆ.

ಎಲ್ಲಕ್ಕಿಂತ ದೊಡ್ಡದು ಪಂಪ್‌ಸೆಟ್. ಏಳು ತಾಸನ್ನೂ ಹಗಲಿನಲ್ಲೇ ಕೊಡಿ ಎಂಬುದು ರೈತರ ಹಳೆಯ ಬೇಡಿಕೆ. ಅಗ್ಗದ ಸೌರ ವಿದ್ಯುತ್ ಸಿಗುವುದೂ ಆಗಲೇ. ಜಾಲಕ್ಕೂ ರೈತನಿಗೂ ಒಂದೇ ಹೊತ್ತು ಒಳಿತಾಗಿರುವ ಇಂತಹ ಸಂದರ್ಭ ಅಪರೂಪ. ಸಬ್‌ಸ್ಟೇಷನ್ನಿನ ಪಕ್ಕದಲ್ಲೇ ಸೌರ ಸ್ಥಾವರ ಹಾಕಿ ಹೊಲದ ಫೀಡರಿಗೆ ಕೊಡುವ ಕುಸುಮ್–ಸಿ ಯೋಜನೆಗೆ 2025ರ ಜೂನ್‌ನಲ್ಲಿ ಗೌರಿಬಿದನೂರಿನಲ್ಲಿ ಚಾಲನೆ ಸಿಕ್ಕಿದೆ. ಹೊಲದ ಫೀಡರುಗಳನ್ನು ಗುಂಪು ಮಾಡಿ ಒಂದೊಂದಕ್ಕೆ ಬೇರೆ ಬೇರೆ ಹೊತ್ತು, ಮೊದಲೇ ತಿಳಿಸಿದ ವೇಳಾಪಟ್ಟಿಯಂತೆ ತಪ್ಪದೆ ಕೊಟ್ಟರೆ ಆಟೋ ಹಾಕುವ ಅಗತ್ಯವೇ ಕಡಿಮೆಯಾಗುತ್ತದೆ.

ಮೀಟರ್, ನೀರು ಮತ್ತು ಭಯ

ಇಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು ಅಂತರ್ಜಲ. ತಾಸುಗಳ ಮಿತಿ ರೈತರಿಗೆ ಹಿಂಸೆಯಾದರೂ ಕೊಳವೆಬಾವಿಗಳಿಗೆ ಅದೇ ಕಡಿವಾಣವಾಗಿತ್ತು. ಗುಜರಾತಿನ ಜ್ಯೋತಿಗ್ರಾಮ ಯೋಜನೆಯಲ್ಲೂ ಫೀಡರ್ ಬೇರ್ಪಡಿಸಿ ಹೊಲಕ್ಕೆ ಎಂಟು ತಾಸು ಎಂದು ಮಿತಿ ಹಾಕಿದ್ದರಿಂದ ನೀರೆತ್ತುವುದಕ್ಕೆ ಹಿಡಿತ ಬಂತು. ಹಗಲಿನ ಏಳು ತಾಸೂ ಒಳ್ಳೆಯ ವೋಲ್ಟೇಜಿನಲ್ಲಿ ಸಿಕ್ಕರೆ ಪ್ರತಿ ಪಂಪ್ ಈಗಿಗಿಂತ ಹೆಚ್ಚು ನೀರೆತ್ತುತ್ತದೆ. ಗದಗದಂತಹ ಕಡಿಮೆ ಮಳೆಯ ಜಿಲ್ಲೆಗೆ ಇದು ಸಣ್ಣ ವಿಷಯವಲ್ಲ.

ಎರಡನೆಯದು ಮೀಟರ್. ಪಂಪ್‌ಸೆಟ್ಟಿಗೆ ಮೀಟರ್ ಬಂದರೆ ನಾಳೆ ಬಿಲ್ ಬರುತ್ತದೆ ಎಂದು ರೈತ ಹೆದರುತ್ತಾನೆ. 1980ರಲ್ಲಿ ನೀರಿನ ಕರ ಮತ್ತು ಬೆಟರ್‌ಮೆಂಟ್ ಲೆವಿಯ (ನೀರಾವರಿಯಿಂದ ಜಮೀನಿನ ಬೆಲೆ ಏರಿತೆಂದು ಹಾಕಿದ ಕರ) ವಿರುದ್ಧ ನರಗುಂದ, ನವಲಗುಂದದಲ್ಲಿ ಎದ್ದ ಬಂಡಾಯದ ನೆನಪು ಇಲ್ಲಿ ಇನ್ನೂ ಹಸಿಯಾಗಿದೆ; ಯಾವ ಸರ್ಕಾರವೂ ಅದನ್ನು ಲಘುವಾಗಿ ತೆಗೆದುಕೊಳ್ಳಲಾರದು. ಅಳತೆಯಿಲ್ಲದೆ ಮಾತ್ರ ನಷ್ಟವೆಷ್ಟು, ಬಳಕೆಯೆಷ್ಟು ಎಂಬುದು ಅಂದಾಜಿನಲ್ಲೇ ಉಳಿಯುತ್ತದೆ, ಕಂಪನಿಯ ಸೋರಿಕೆಯೂ ರೈತರ ಹೆಸರಿನಲ್ಲಿ ಬರೆಯಲ್ಪಡುವ ಅಪಾಯವಿರುತ್ತದೆ.

ಪಂಜಾಬ್ 2018ರಲ್ಲಿ ಬೇರೆ ದಾರಿ ಹಿಡಿಯಿತು. ಆಯ್ದ ಫೀಡರುಗಳಲ್ಲಿ ಸ್ವಇಚ್ಛೆಯಿಂದ ಸೇರಿದ ರೈತರಿಗೆ ಇಂತಿಷ್ಟು ಯೂನಿಟ್ ಎಂದು ಪಾಲು ಗೊತ್ತುಮಾಡಿ, ಅದರಲ್ಲಿ ಉಳಿಸಿದ ಪ್ರತಿ ಯೂನಿಟ್ಟಿಗೆ 4 ರೂಪಾಯಿಯನ್ನು ರೈತರ ಖಾತೆಗೆ ಹಾಕಿತು. ಮೀಟರ್ ಇತ್ತು, ಆದರೆ ಅದು ತಂದದ್ದು ಬಿಲ್ಲನ್ನಲ್ಲ, ಹಣವನ್ನು. ಹಗಲಿನ ವಿದ್ಯುತ್ತಿನೊಡನೆ ಇಂತಹ ಏರ್ಪಾಡನ್ನು ಸೇರಿಸದಿದ್ದರೆ ವಿದ್ಯುತ್ತಿನ ಸಮಸ್ಯೆ ಪರಿಹಾರವಾಗಿ ನೀರಿನ ಸಮಸ್ಯೆ ಬಿಗಡಾಯಿಸುತ್ತದೆ.

ಮುಂದೆ ನೋಡಬೇಕಾದದ್ದು

ಹೊತ್ತಿನ ದರ ಹಂತ ಹಂತವಾಗಿ ಬರುತ್ತದೆ. ಗೃಹಜ್ಯೋತಿ ಇರುವ ತನಕ ಅದರ ಬಿಸಿ ಹೆಚ್ಚಿನ ಮನೆಗಳಿಗೆ ತಟ್ಟದು. ಅಂಗಡಿ, ಗಿರಣಿ, ಹುಬ್ಬಳ್ಳಿಯ ತಾರಿಹಾಳ ಮತ್ತು ಗೋಕುಲ ರಸ್ತೆಯ ಸಣ್ಣ ಕಾರ್ಖಾನೆಗಳಿಗೆ ಮೊದಲು ತಟ್ಟುತ್ತದೆ. ಹಗಲು ಪಾಳಿಯಲ್ಲೇ ಓಡುವ ಕಾರ್ಖಾನೆಗೆ ಲಾಭ. ಎರಡು ಪಾಳಿಯಿದ್ದವರಿಗೆ ನಷ್ಟ.

ದರ ಪರಿಷ್ಕರಣೆಗೆ ಮುನ್ನ ಹೆಸ್ಕಾಂ ಅರ್ಜಿಯ ಮೇಲೆ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಪತ್ರಿಕೆಯಲ್ಲಿ ಪ್ರಕಟಣೆ ಬಂದ ಮೇಲೆ ನಿಗದಿತ ದಿನಗಳೊಳಗೆ ಯಾವ ಗ್ರಾಹಕನಾದರೂ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು, ಎದುರು ನಿಂತು ಮಾತನಾಡಬಹುದು. ಅಲ್ಲಿ ಸಾಮಾನ್ಯವಾಗಿ ಚರ್ಚೆಯಾಗುವುದು ಯೂನಿಟ್ಟಿಗೆ ಎಷ್ಟು ಪೈಸೆ ಎಂಬುದು. ಈ ಸಲ ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ: ಎಷ್ಟು ಹೊಲದ ಫೀಡರುಗಳು ಪೂರ್ತಿ ಹಗಲಿಗೆ ಬಂದಿವೆ, ಅವುಗಳ ವೇಳಾಪಟ್ಟಿ ಯಾಕೆ ಪಾಲನೆಯಾಗುತ್ತಿಲ್ಲ, ಶೈತ್ಯಾಗಾರ ಮತ್ತು ನೀರು ಸರಬರಾಜಿನಂತಹ ಬಳಕೆದಾರರಿಗೆ ಸಂಜೆ ಬಿಡುವು ಕೊಟ್ಟದ್ದಕ್ಕೆ ಏನು ರಿಯಾಯಿತಿ, ಮತ್ತು ಸಂಜೆಯ ಹೊತ್ತನ್ನು ಬದಲಿಸಲಾಗದ ಖಾನಾವಳಿ, ಕಿರಾಣಿ ಅಂಗಡಿಗಳನ್ನು ಆ 1.20 ಪಟ್ಟಿನಿಂದ ಹೊರಗಿಡಲು ಆಯೋಗಕ್ಕೆ ಇರುವ ಅವಕಾಶವೇನು.